ಸಾವಿರ ಗಜಕ್ಕೆ ಯಾವ ಬೋರು?

ನಮ್ಮ ಕನ್ನಡ ಕೂಟದಲ್ಲಿ ಒಬ್ಬ ಗೆಳೆಯ ಇದ್ದಾನೆ. ಮೆಕ್ಯಾನಿಕಲ್, ಆರನೇ ಸೆಮಿಸ್ಟರ್. ಎನ್‌ಸಿಸಿ ಸೇರಿದ ಮೇಲೆ ಕೈಗೆ .22 ರೈಫಲ್ ಬಂತು. ಕೈ ಸ್ಥಿರ, ಉಸಿರು ಸ್ಥಿರ, ಕ್ಯಾಂಪಿನಲ್ಲಿ ಹೆಸರೂ ಮಾಡಿದ. ಆಮೇಲೆ ಹಾಸ್ಟೆಲ್ ರೂಮಿನಲ್ಲಿ ರಾತ್ರಿಯೆಲ್ಲ ಅಮೆರಿಕದ ಶೂಟಿಂಗ್ ವಿಡಿಯೋ ನೋಡೋದು ಶುರುವಾಯ್ತು. ಒಂದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಅಂದ: "ಸಾಕಲೇ ಇನ್ನ. .22 ಅಂದ್ರ ಆಟಿಗಿ ಸಾಮಾನು. ಸಾವಿರ ಗಜ ಹೊಡಿಬೇಕಂದ್ರ 6.5 ಕ್ರೀಡ್‌ಮೂರ್ ಬೇಕು. ಅದು ಇಲ್ಲಿ ನಮಗ ಸಿಗಂಗಿಲ್ಲ. ಬಿಟ್ಟಬಿಡ್ತೀನಿ."

ನಾವೂ ಏನೂ ತಿಳಿಯದೇ "ಹೌದಲೇ, ಖರೇ ಅದ" ಅಂದ್ವಿ. ಅವನು ಎರಡು ತಿಂಗಳು ರೇಂಜ್ ಕಡೆ ಹಾಯಲಿಲ್ಲ. ನವಲಗುಂದದ ಕಡೆ ಎರೆಹೊಲ ಮಾಡುವ ಅವನ ಅಪ್ಪ ಫೋನ್ ಮಾಡಿ, "ಬಂದೂಕು ಬೇಕಂದ್ರ ಸಾಲಾ ಮಾಡೂನಪಾ, ಅದಕ್ಯಾಕ ಬಿಡ್ತಿ" ಅಂದರಂತೆ. ಅದನ್ನು ಕೇಳಿದ ಮೇಲೆ ನಮಗೆ ನಾಚಿಕೆಯಾಯ್ತು. ಇಂಜಿನಿಯರಿಂಗ್ ಓದುವ ನಾಲ್ಕು ಮಂದಿ ಕೂತು ಒಂದು ಲೆಕ್ಕವನ್ನೂ ಹಾಕದೇ ಒಬ್ಬನ ಆಟ ನಿಲ್ಲಿಸಿದ್ವಲ್ಲ ಅಂತ. ಆ ಲೆಕ್ಕವನ್ನು ಆಮೇಲೆ ಹಾಕಿದ್ವಿ. ಈ ಲೇಖನ ಅದೇ.

ಮೊದಲು ಬೋರ್ ಅಥವಾ ಕ್ಯಾಲಿಬರ್ ಅಂದ್ರೆ ಏನು ಅನ್ನೋದು. ನಳಿಗೆಯ ಒಳವ್ಯಾಸ, ಅಷ್ಟೇ. .22 ಅಂದ್ರೆ ಇಂಚಿನ ನೂರರಲ್ಲಿ 22 ಪಾಲು, ಸುಮಾರು 5.6 ಮಿ.ಮೀ. ಆದರೆ ಈ ಹೆಸರುಗಳನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ಇಟ್ಟವರು ಯಾರೂ ಅಲ್ಲ. ರೈಫಲ್ ನಳಿಗೆಯೊಳಗೆ ಸುರುಳಿ ಗಾಡಿಗಳು ಇರುತ್ತವೆ. ಏಣಿನಿಂದ ಏಣಿಗೆ ಅಳೆದರೆ ಒಂದು ಅಳತೆ, ಗಾಡಿಯಿಂದ ಗಾಡಿಗೆ ಅಳೆದರೆ ಇನ್ನೊಂದು. 7.62 ಮಿ.ಮೀ ಅನ್ನೋದು ಏಣಿನ ಅಳತೆ, .308 ಇಂಚು ಅನ್ನೋದು ಗಾಡಿಯ ಅಳತೆ. ಎರಡೂ ಒಂದೇ ನಳಿಗೆ. 6.5 ಕ್ರೀಡ್‌ಮೂರ್‌ನ ಗುಂಡಿನ ವ್ಯಾಸ ನಿಜಕ್ಕೂ 6.7 ಮಿ.ಮೀ. ಹೆಸರಿನ ಮೇಲೆ ಹೋದರೆ ಮೊದಲನೇ ಮೆಟ್ಟಿಲಲ್ಲೇ ಜಾರಿಬೀಳ್ತೀವಿ ನೋಡ್ರಿ.

ಇನ್ನೊಂದು ತಪ್ಪು ಕಲ್ಪನೆ ದೊಡ್ಡ ಬೋರ್ ಇದ್ರೆ ದೂರ ಹೋಗುತ್ತೆ ಅನ್ನೋದು. ಇದಕ್ಕೆ ನಮ್ಮ ಜಿಲ್ಲೆಯ ಇತಿಹಾಸವೇ ಒಳ್ಳೇ ಉದಾಹರಣೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಗುಂಡೇಟಿಗೆ. ಹೊಡೆದವನು ಚೆನ್ನಮ್ಮನ ಬಂಟ ಅಮಟೂರ ಬಾಳಪ್ಪ. ಈ ಕಥೆ ನಮ್ಮ ಕಡೆ ಪ್ರೈಮರಿ ಶಾಲೆಯಿಂದಲೇ ಕೇಳಿರ್ತೀವಿ. ಅದು ತುಪಾಕಿಯ ಕಾಲ. ಎದುರಿಗೆ ಬಂದ ಕಂಪನಿ ಸೈನಿಕರ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಜಾತಿಯ ಬಂದೂಕು. ಅದರ ಬೋರ್ ಮುಕ್ಕಾಲು ಇಂಚು, ಅಂದ್ರೆ 19 ಮಿ.ಮೀ. ಒಳಗೆ ಸುರುಳಿ ಗಾಡಿ ಇಲ್ಲ, ನುಣುಪು ನಳಿಗೆ, ಒಳಗೆ ಸಡಿಲಾಗಿ ಕೂರುವ ಸೀಸದ ಉಂಡೆ. ನೂರು ಮೀಟರ್ ದಾಟಿದ ಮೇಲೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯೋದು ದೈವಬಲದ ಮಾತು. ಈಗ ಸಾವಿರ ಗಜ, ಅಂದ್ರೆ 914 ಮೀಟರ್ ಹೊಡೆಯುವ ರೈಫಲ್‌ನ ಬೋರ್ ಅದರ ಮೂರರಲ್ಲಿ ಒಂದು ಪಾಲು.

ಯಾಕೆ? ಗಾಳಿ ಗುಂಡನ್ನು ತಡೆಯೋದು ಅದರ ಎದುರಿನ ಅಡ್ಡಕೊಯ್ತದ ಮೇಲೆ. ತಡೆಯನ್ನು ಸಹಿಸಿಕೊಂಡು ಮುಂದೆ ಹೋಗೋದು ಗುಂಡಿನ ದ್ರವ್ಯರಾಶಿ. ಹಾಗಾಗಿ ಒಂದು ಚದರ ಮಿಲಿಮೀಟರ್ ಎದುರುಭಾಗದ ಹಿಂದೆ ಎಷ್ಟು ಗ್ರಾಂ ಇದೆ ಅಂತ ನೋಡಬೇಕು. ಬ್ರೌನ್ ಬೆಸ್‌ನ ಉಂಡೆ ಸುಮಾರು 32 ಗ್ರಾಂ ತೂಗಿದರೂ ಅಗಲ ಜಾಸ್ತಿ, ಭಾಗಿಸಿದರೆ 0.13 ಗ್ರಾಂ ಬರುತ್ತದೆ. .308ರ 175 ಗ್ರೇನ್ ಗುಂಡು ಬರೀ 11.3 ಗ್ರಾಂ, ಆದರೆ ಭಾಗಿಸಿದರೆ 0.24. ಕ್ರೀಡ್‌ಮೂರ್‌ನ 140 ಗ್ರೇನ್ ಗುಂಡು ಇನ್ನೂ ಹಗುರ, 9 ಗ್ರಾಂ, ಭಾಗಿಸಿದರೆ 0.26. ಸಪೂರ, ಉದ್ದ, ಮೂಗು ಸೂಜಿಯಂತೆ, ಬಾಲ ಸ್ವಲ್ಪ ಕಿರಿದು. ಈ ತೂಕ ಮತ್ತು ಆಕಾರ ಎರಡನ್ನೂ ಸೇರಿಸಿ ಒಂದೇ ಸಂಖ್ಯೆಯಲ್ಲಿ ಹೇಳೋದಕ್ಕೆ ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್ ಅಂತಾರೆ, ಚಿಕ್ಕದಾಗಿ ಬಿ.ಸಿ. ಅದು ಹೆಚ್ಚಿದ್ದಷ್ಟೂ ಗುಂಡಿಗೆ ಗಾಳಿಯ ಹಂಗು ಕಡಿಮೆ. ಉದ್ದ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯದಂತೆ ಜೋರಾಗಿ ತಿರುಗಬೇಕು. ಅದಕ್ಕೇ ಕ್ರೀಡ್‌ಮೂರ್ ನಳಿಗೆಯ ಸುರುಳಿ 8 ಇಂಚಿಗೆ ಒಂದು ಸುತ್ತು, .22ರದ್ದು 16 ಇಂಚಿಗೆ ಒಂದು.

.22ರದ್ದು ಭಾಗಿಸಿದರೆ ಎಷ್ಟು ಅಂತ ಕೇಳ್ತೀರಾ? 2.6 ಗ್ರಾಂ ಗುಂಡು, 0.10. ಕಂಪನಿ ಸರ್ಕಾರದ ಸೀಸದ ಉಂಡೆಗಿಂತ ಕಡಿಮೆ! ಇದನ್ನು ನೋಡಿ ಗೆಳೆಯ "ನಾ ಹೇಳ್ಲಿಲ್ಲೇನ್ ಮತ್ತ" ಅಂತ ಎದ್ದೇಬಿಟ್ಟ. ಕೂರಿಸಿದ್ವಿ.

ಹಾಗಾದ್ರೆ ಉದ್ದವೂ ದಪ್ಪವೂ ಎರಡೂ ಇರುವ ಭಾರೀ ಗುಂಡನ್ನೇ ಯಾಕೆ ತಗೋಬಾರದು? .338 ಲಾಪುವಾ ಅಂತ ಇದೆ, ಗಾಳಿಗೆ ಕ್ರೀಡ್‌ಮೂರ್‌ಗಿಂತಲೂ ಕಡಿಮೆ ಜಗ್ಗುತ್ತದೆ. ಅಡ್ಡಿ ಏನಂದ್ರೆ ಪಿಯುಸಿಯಲ್ಲಿ ಓದಿದ ಸಂವೇಗ ಸಂರಕ್ಷಣೆ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಹೊತ್ತೊಯ್ದ ಸಂವೇಗದಷ್ಟೇ ರೈಫಲ್ ಹಿಂದಕ್ಕೆ ಒದೆಯುತ್ತದೆ. ನಾಲ್ಕೂವರೆ ಕೆ.ಜಿ.ಯ ರೈಫಲ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ವಿ. ಒದೆತದ ಶಕ್ತಿ ಕ್ರೀಡ್‌ಮೂರ್‌ಗೆ ಸುಮಾರು 12-13 ಜೂಲ್, .308ಕ್ಕೆ 17, .338 ಲಾಪುವಾಕ್ಕೆ 50 ದಾಟಿತು. .22ಕ್ಕೆ 0.1 ಜೂಲ್. ಭುಜಕ್ಕೆ ಒಂದೆರಡು ಸಲ ಐವತ್ತು ಜೂಲ್ ಒದೆ ಬಿದ್ದರೆ, ಮೂರನೇ ಸಲ ಕುದುರೆ ಎಳೆಯೋ ಮೊದಲೇ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಗುರಿಕಾರರಲ್ಲಿ ಇದು ಬಲು ಕೆಟ್ಟ ಚಟ, ಒಮ್ಮೆ ಅಂಟಿದರೆ ಬಿಡಿಸೋದು ಕಷ್ಟ.

2007ರಲ್ಲಿ ಹಾರ್ನಡಿ ಕಂಪನಿ 6.5 ಕ್ರೀಡ್‌ಮೂರ್ ಹೊರತಂದಾಗ ಅದು ಹಿಡಿದದ್ದು ಈ ನಡುವಿನ ದಾರಿಯನ್ನು: ಬಿ.ಸಿ. ಹೆಚ್ಚು, ಒದೆತ ಕಡಿಮೆ. ಚೊಕ್ಕ ಇಂಜಿನಿಯರಿಂಗ್, ಅದರಲ್ಲಿ ಮಾತಿಲ್ಲ. ಬದಲಿಗೆ ನಳಿಗೆ ಬೇಗ ಸವೆಯುತ್ತದೆ. ಸ್ಪರ್ಧೆಯ ಮಟ್ಟದ ನಿಖರತೆ ಎರಡೂವರೆ, ಮೂರು ಸಾವಿರ ಗುಂಡಿಗೆ ಮುಗೀತು ಅಂತಾರೆ. .308 ಅದರ ಸುಮಾರು ಎರಡರಷ್ಟು ಬಾಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ, ಗಾಳಿ.

ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದ್ವಿ. ಮೊದಲನೇ ಸಲ ಎಳೆತದ ಗುಣಾಂಕವನ್ನು ಸ್ಥಿರ ಅಂತ ತಗೊಂಡು ಪೂರಾ ಹುಚ್ಚು ಉತ್ತರ ಬಂತು. ಗುಂಡಿನ ವೇಗ ಶಬ್ದದ ವೇಗದ ಹತ್ತಿರ ಬಂದಾಗ ಆ ಗುಣಾಂಕ ಒಮ್ಮೆಲೇ ಏರಿಬಿಡುತ್ತೆ ಅನ್ನೋದನ್ನು ಫ್ಲೂಯಿಡ್ಸ್ ಪರೀಕ್ಷೆ ಮುಗಿದ ದಿನವೇ ಮರೆತಿದ್ವಿ. ಕೋಷ್ಟಕ ಹಾಕಿ ಮತ್ತೆ ಓಡಿಸಿದ್ವಿ.

ಗುಂಡು ಕೆಳಗೆ ಬೀಳೋದು ದೊಡ್ಡ ತಲೆನೋವಲ್ಲ. ಸಾವಿರ ಗಜಕ್ಕೆ .308 ಗುಂಡು ಹತ್ತು ಮೀಟರ್‌ಗೂ ಹೆಚ್ಚು ಕೆಳಗೆ ಬೀಳುತ್ತದೆ, ಮೂರು ಅಂತಸ್ತಿನ ಮನೆಯಷ್ಟು. ಆದರೆ ಗುರುತ್ವ ನಿನ್ನೆಯೂ ಅಷ್ಟೇ, ನಾಳೆಯೂ ಅಷ್ಟೇ. ದೂರ ಗೊತ್ತಿದ್ರೆ ಸೈಟ್‌ನ ಗುಂಡಿ ಅಷ್ಟು ತಿರುಗಿಸಿದರೆ ಆಯ್ತು. ಗಾಳಿ ಹಾಗಲ್ಲ. ನಿಮ್ಮ ಮುಖಕ್ಕೆ ಒಂದು ಥರ, ನಡುದಾರಿಯಲ್ಲಿ ಒಂದು ಥರ, ಗುರಿಯ ಹತ್ತಿರ ಇನ್ನೊಂದು ಥರ.

ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತೆ ಅನ್ನೋದಕ್ಕೆ ಒಂದು ಹಳೆಯ ಚಂದದ ಸೂತ್ರ ಇದೆ. ಗುಂಡು ಗುರಿ ಮುಟ್ಟೋಕೆ ನಿಜವಾಗಿ ತಗೊಂಡ ಸಮಯ ಒಂದು. ಗಾಳಿಯೇ ಇಲ್ಲದ ನಿರ್ವಾತದಲ್ಲಿ ತಗೊಳ್ಳುತ್ತಿದ್ದ ಸಮಯ ಇನ್ನೊಂದು, ಅಂದ್ರೆ ದೂರ ಭಾಗಿಸು ಬಾಯಿವೇಗ. ಇವೆರಡರ ವ್ಯತ್ಯಾಸವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಸರಿತ ಸಿಗುತ್ತದೆ. ಗಾಳಿಯಲ್ಲಿ ಎಷ್ಟು ಹೊತ್ತು ಹಾರಿತು ಅನ್ನೋದು ಮುಖ್ಯ ಅಲ್ಲ, ಎಷ್ಟು ತಡವಾಯ್ತು ಅನ್ನೋದು ಮುಖ್ಯ. ಇದನ್ನು ಅರಗಿಸಿಕೊಳ್ಳೋಕೆ ನಮಗೆ ಒಂದು ಸಂಜೆ ಪೂರ್ತಿ ಬೇಕಾಯ್ತು.

ಇದರಿಂದ ಒಂದು ತಮಾಷೆಯ ಸತ್ಯ ಹೊರಬೀಳುತ್ತದೆ. .22ರಲ್ಲಿ ಎರಡು ಥರದ ತೋಟಾ ಸಿಗುತ್ತವೆ, ಸೆಕೆಂಡಿಗೆ 325 ಮೀಟರ್ ಆಸುಪಾಸು ಹೋಗುವ ಸಾಧಾರಣ ವೇಗದ್ದು ಮತ್ತು 380 ಮೀಟರ್ ಹೋಗುವ ಹೈ ವೆಲಾಸಿಟಿ. ವೇಗದ ಗುಂಡು ಗಾಳಿಗೆ ಕಡಿಮೆ ಸರಿಯಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ರೀ? ಗಂಟೆಗೆ 16 ಕಿ.ಮೀ. ಅಡ್ಡಗಾಳಿಗೆ ನೂರು ಗಜದಲ್ಲಿ ಸಾಧಾರಣದ್ದು ಸುಮಾರು 10 ಸೆಂ.ಮೀ. ಸರಿದರೆ, ವೇಗದ್ದು 13-14 ಸೆಂ.ಮೀ. ಸರಿಯುತ್ತದೆ. ಶಬ್ದದ ವೇಗ ದಾಟಿ ಹೊರಟದ್ದಕ್ಕೆ ಎಳೆತ ಸಿಕ್ಕಾಪಟ್ಟೆ, ತಡವೂ ಜಾಸ್ತಿ. ಅದಕ್ಕೇ ಒಲಿಂಪಿಕ್ ಮಟ್ಟದ .22 ಶೂಟರ್‌ಗಳು ಬಳಸೋದು ನಿಧಾನದ ತೋಟಾವನ್ನೇ. ದುಡ್ಡು ಜಾಸ್ತಿ ಕೊಟ್ಟು ಜೋರಿನದ್ದು ತಂದವರು ಕೈ ಸುಟ್ಟುಕೊಳ್ತಾರೆ.

ಈಗ ಸಾವಿರ ಗಜದ ಲೆಕ್ಕ. ಸಮುದ್ರಮಟ್ಟದ ಗಾಳಿಯಲ್ಲಿ, ಸೆಕೆಂಡಿಗೆ 1 ಮೀಟರ್ ಅಡ್ಡಗಾಳಿಗೆ .308 ಗುಂಡು ಸುಮಾರು 56 ಸೆಂ.ಮೀ. ಸರಿಯುತ್ತದೆ, ಕ್ರೀಡ್‌ಮೂರ್ 42 ಸೆಂ.ಮೀ. (ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಗಾಳಿ ಶೇ 7ರಷ್ಟು ತೆಳು. ಹಾಗಾಗಿ ನಮ್ಮಲ್ಲಿ ಎರಡೂ ಸ್ವಲ್ಪ ಕಡಿಮೆ.) ಅಂದ್ರೆ ಕ್ರೀಡ್‌ಮೂರ್ ಕಾಲು ಭಾಗ ಉತ್ತಮ. ಗೆಳೆಯನ ಮುಖ ಅರಳಿತು.

ಆದರೆ ಗುರಿಪಟ ನೋಡ್ರಿ. ಅಮೆರಿಕದ ಎಫ್-ಕ್ಲಾಸ್ ಸಾವಿರ ಗಜದ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10 ಇಂಚು. ನಡುವಿನಿಂದ 12.7 ಸೆಂ.ಮೀ. ಸರಿದರೆ ಹತ್ತು ಕೈಬಿಟ್ಟಂತೆ. .308 ಹಿಡಿದವನು ಗಾಳಿಯ ಅಂದಾಜಿನಲ್ಲಿ ಸೆಕೆಂಡಿಗೆ 0.23 ಮೀಟರ್ ತಪ್ಪಬಹುದು. ಕ್ರೀಡ್‌ಮೂರ್ ಹಿಡಿದವನು 0.30 ಮೀಟರ್ ತಪ್ಪಬಹುದು. ಆ ಹೊಸ ರೈಫಲ್, ಸೈಟು, ಸಾಲ, ಲೈಸೆನ್ಸ್ ಎಲ್ಲ ಸೇರಿ ಕೊಂಡುಕೊಳ್ಳುವ ಕ್ಷಮೆ ಸೆಕೆಂಡಿಗೆ 7 ಸೆಂ.ಮೀ. ಮುಂಗಾರಿನ ಪಡುಗಾಳಿಗೆ ಕ್ಯಾಂಪಸ್ಸಿನಲ್ಲಿ ಕೊಡೆ ಮಗುಚಿಕೊಂಡು ಓಡಿದವರು ನಾವೆಲ್ಲ. ಅತ್ತ ಗದಗಿನ ಕಪ್ಪತಗುಡ್ಡದ ಮೇಲೆ ಗಾಳಿಗಿರಣಿ ಸುಮ್ಮನೆ ನಿಲ್ಲಿಸಿಲ್ಲ. ಈ ಬಯಲುಸೀಮೆಯ ಗಾಳಿಯನ್ನು ಅರ್ಧ ಮೀಟರ್ ಒಳಗೆ ಅಂದಾಜು ಮಾಡೋಕೆ ಬಾರದವನಿಗೆ ಯಾವ ಬೋರ್ ಕೊಟ್ಟರೂ ಅಷ್ಟೇ. ಬರುವವನಿಗೆ ಮಾತ್ರ ಆ 7 ಸೆಂ.ಮೀ. ಬಂಗಾರ. ವಿಶ್ವಮಟ್ಟದ ಸ್ಪರ್ಧೆಯಲ್ಲಿ ಎಲ್ಲರೂ ಹೆಚ್ಚು ಬಿ.ಸಿ.ಯ ಹಿಂದೆ ಓಡೋದು ಅದಕ್ಕೇ, ಅವರು ತಪ್ಪೇನೂ ಮಾಡ್ತಿಲ್ಲ.

ಗಾಳಿ ಓದೋದು ಎಲ್ಲಿ ಕಲಿಯಬೇಕು? ಇಲ್ಲೇ ನಮ್ಮ ಆಟಿಗಿ ಸಾಮಾನಿನ ಸರದಿ. 50 ಮೀಟರ್ ರೈಫಲ್ ಗುರಿಪಟದಲ್ಲಿ ಹತ್ತರ ವೃತ್ತ 10.4 ಮಿ.ಮೀ., ಅಂದ್ರೆ ಶರ್ಟಿನ ಗುಂಡಿಯಷ್ಟು. ಸೆಕೆಂಡಿಗೆ 1 ಮೀಟರ್ ಅಡ್ಡಗಾಳಿಗೆ .22 ಗುಂಡು ಅಲ್ಲಿ 5 ಮಿ.ಮೀ. ಸರಿಯುತ್ತದೆ. 3 ಮೀಟರ್ ಗಾಳಿಗೆ ಒಂದೂವರೆ ಸೆಂ.ಮೀ., ಹತ್ತು ಹೋಗಿ ಒಂಬತ್ತು, ಇನ್ನಷ್ಟು ಬೀಸಿದರೆ ಎಂಟು. ಬಿ.ಸಿ. ಕಡಿಮೆ ಇರೋದೇ ಇಲ್ಲಿ ಉಪಕಾರ. ಮರದ ಎಲೆ ಅಲ್ಲಾಡಿದ್ದನ್ನೂ ಕಾಗದದ ಮೇಲೆ ಬರೆದು ತೋರಿಸುವ ಇಷ್ಟು ಸೂಕ್ಷ್ಮ ಮಾಪಕ ಇನ್ನೊಂದಿಲ್ಲ. ಇದೇ .22ನ್ನು 200 ಮೀಟರ್‌ಗೆ ಒಯ್ದರೆ, ಕೋನದ ಲೆಕ್ಕದಲ್ಲಿ ಗಾಳಿ ಅದನ್ನು ಸರಿಸೋದು .308ನ್ನು 600 ಮೀಟರ್ ಆಸುಪಾಸಿನಲ್ಲಿ ಸರಿಸಿದಷ್ಟು. ವಿದೇಶಗಳಲ್ಲಿ ದೊಡ್ಡ ರೈಫಲ್ ಇದ್ದವರೂ ಅಭ್ಯಾಸಕ್ಕೆ .22 ಹಿಡಿಯೋದು ಇದೇ ಕಾರಣಕ್ಕೆ. ತೋಟಾ ಅಗ್ಗ, ಒದೆ ಇಲ್ಲ, ದಿನಕ್ಕೆ ಐವತ್ತು ಗುಂಡು ಹೊಡೆದರೂ ಭುಜ ನೋಯೋದಿಲ್ಲ. ಗುಂಡು ನಿಧಾನವಾದ್ದರಿಂದ ನಳಿಗೆಯೊಳಗೆ .308ರ ಗುಂಡಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಇರುತ್ತದೆ. ಕುದುರೆ ಎಳೆದ ಮೇಲೆ ಕೈ ಸಡಿಲಿಸಿದ ತಪ್ಪೂ ಅಡಗೋದಿಲ್ಲ.

ಕೊಡಗಿನ ಹಾಸ್ಟೆಲ್ ಗೆಳೆಯನೊಬ್ಬ ಈ ಚರ್ಚೆ ಕೇಳಿ ನಕ್ಕ. ಅವರಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಲ್ಲಿ ನಡೆಯುತ್ತದೆ. .22ಕ್ಕೆ ಬೇರೆ ವಿಭಾಗ, 12 ಬೋರ್‌ಗೆ ಬೇರೆ ವಿಭಾಗ. "ನಮ್ಮ ಅಜ್ಜ .22 ಬಿಟ್ಟು ಬೇರೆ ಮುಟ್ಟಲಿಲ್ಲ, ಆದ್ರೆ ಕಾಯಿ ಮಾತ್ರ ಬಿಡ್ಲಿಲ್ಲ" ಅಂದ.

ಇನ್ನು ಕಾನೂನು. ಇದನ್ನು ಮೊದಲೇ ನೋಡಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು. 1959ರ ಆರ್ಮ್ಸ್ ಆಕ್ಟ್ ಮತ್ತು 2016ರ ಆರ್ಮ್ಸ್ ರೂಲ್ಸ್ ಪ್ರಕಾರ .303 ಮತ್ತು 7.62 ಮಿ.ಮೀ. ರೈಫಲ್‌ಗಳು, ಜೊತೆಗೆ ಸೇನೆಯ ತೋಟಾ ಹಾಕಿ ಹಾರಿಸಬಹುದಾದ ಬೋರ್‌ಗಳು ನಿಷಿದ್ಧ ಬೋರ್ ಪಟ್ಟಿಯಲ್ಲಿವೆ, ಸಾಮಾನ್ಯ ಲೈಸೆನ್ಸ್‌ಗೆ ಸಿಗೋದಿಲ್ಲ. ಎಫ್-ಕ್ಲಾಸ್‌ನಲ್ಲಿ ಎಫ್-ಟಿಆರ್ ಅಂತ ಒಂದು ವಿಭಾಗ ಇದೆ, ಅದರಲ್ಲಿ .308 ಮತ್ತು .223 ಎರಡಕ್ಕೇ ಅವಕಾಶ. ಎರಡೂ ಸೇನೆಯ ಬೋರ್‌ಗಳ ನಾಗರಿಕ ಅವಳಿಗಳು. ಜಗತ್ತು ಹೊಸಬರಿಗೆ ಯಾವುದನ್ನು ತಗೊಳ್ಳಿ ಅನ್ನುತ್ತೋ ಅದನ್ನೇ ನಮ್ಮ ಕಾನೂನು ಬೇಡ ಅನ್ನುತ್ತದೆ.

ನಮ್ಮ ದೇಶದಲ್ಲಿ .315 ಅನ್ನುವ ವಿಚಿತ್ರ ಬೋರ್ ಉಳಿದಿರೋದೂ ಇದೇ ಕಾರಣಕ್ಕೆ. ಸೈನ್ಯದ .303 ತೋಟಾ ಅದರಲ್ಲಿ ಹಿಡಿಸಬಾರದು ಅನ್ನೋದು ಬ್ರಿಟಿಷರ ಯೋಚನೆ. ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .315 ರೈಫಲ್ ಇವತ್ತಿಗೂ ದೇಶದ ಹಳ್ಳಿಗಳಲ್ಲಿ ಕಾಣಸಿಗುತ್ತದೆ. ಮೊಂಡು ಮೂಗಿನ ಭಾರದ ಗುಂಡು, ನಿಧಾನ ವೇಗ. ಹೊಲಕ್ಕೆ ನುಗ್ಗುವ ಹಂದಿಗೆ ಸರಿ, ದೂರದ ಗುರಿಗೆ ಅಲ್ಲ. ಗೆಳೆಯನ ಅಪ್ಪನಿಗೆ ಯಾರೋ ಇದನ್ನೇ ತಗೊಳ್ರಿ ಅಂತ ಹೇಳಿದ್ದರಂತೆ. ಸದ್ಯ, ತಗೊಂಡಿರಲಿಲ್ಲ.

ಲೈಸೆನ್ಸ್ ಬೇಡದ್ದು ಒಂದಿದೆ: ಏರ್ ರೈಫಲ್. ಬೋರ್ 4.5 ಮಿ.ಮೀ. ಮತ್ತು ಶಕ್ತಿ 20 ಜೂಲ್ ಮೀರದಿದ್ದರೆ ಗುರುತಿನ ಚೀಟಿ, ವಿಳಾಸದ ದಾಖಲೆ ತೋರಿಸಿ ಕೊಳ್ಳಬಹುದು. 10 ಮೀಟರ್‌ನ ಆ ಆಟವನ್ನು ಸಣ್ಣದು ಅನ್ನೋ ಹಾಗಿಲ್ಲ. ಅಲ್ಲಿ ಹತ್ತರ ಗುರುತು ಬರೀ ಅರ್ಧ ಮಿಲಿಮೀಟರ್, ಪೆನ್ನಿನ ಚುಕ್ಕಿ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ರಾಮಕೃಷ್ಣ ಅವರು ಏರ್ ರೈಫಲ್ ಹಿಡಿದೇ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಹೋದದ್ದು.

ಸಾವಿರ ಗಜದ ರೇಂಜ್ ನಮ್ಮ ಅವಳಿನಗರದಲ್ಲಿ ಇಲ್ಲ. ರೈಫಲ್ ಸಿಕ್ಕರೂ ಹೊಡೆಯೋದು ಎಲ್ಲಿ ಅನ್ನೋ ಪ್ರಶ್ನೆಯನ್ನು ನಮ್ಮ ಯಾರ ತಲೆಯೂ ಆ ಕ್ಯಾಂಟೀನಿನಲ್ಲಿ ಕೇಳಿರಲಿಲ್ಲ. ಈಗ ನಮ್ಮನ್ನು ಯಾರಾದರೂ ಕೇಳಿದರೆ ಹೇಳೋದು ಇಷ್ಟು: ಇನ್ನೂ ಕೈ ಪಳಗಿಲ್ಲವಾದರೆ ಏರ್ ರೈಫಲ್, ಪಳಗಿದ್ದರೆ ಬಯಲಿನಲ್ಲಿ .22, ಅದೂ ನಿಧಾನದ ತೋಟಾ, ಒಂದೇ ಬ್ರ್ಯಾಂಡು, ಒಂದೇ ಲಾಟು. 300 ಮೀಟರ್, ಸಾವಿರ ಗಜ ಆಮೇಲಿನ ಮಾತು. ಆ ಹೊತ್ತಿಗೆ ನಿಮ್ಮ ಅಂಕಪಟ್ಟಿಯೇ ದಾರಿ ಕೇಳುತ್ತದೆ.

ಗೆಳೆಯ ವಾದದಲ್ಲಿ ಸೋತೆ ಅಂತ ಒಪ್ಪಲಿಲ್ಲ, ಧಾರವಾಡದವರು ಅಷ್ಟು ಬೇಗ ಒಪ್ಪೋದೂ ಇಲ್ಲ. ಆದರೆ ಮರುವಾರ ರೇಂಜ್‌ಗೆ ಹೋದ. ಅಪ್ಪನಿಗೆ ಫೋನ್ ಮಾಡಿ "ಸಾಲಾ ಬ್ಯಾಡಪಾ ಸದ್ಯಕ್ಕ" ಅಂದ. ಗುರಿಯ ದಾರಿಯಲ್ಲಿ 10, 25, 40 ಮೀಟರ್‌ಗೆ ಮೂರು ಕಡ್ಡಿ ನೆಟ್ಟು, ಅಮ್ಮನ ಹಳೇ ಇಳಕಲ್ ಸೀರೆಯ ಅಂಚು ಹರಿದು ಕಟ್ಟಿದ್ದಾನೆ. ಪ್ರತಿ ಗುಂಡಿಗೂ ಮೊದಲು ಗಾಳಿ ಎಷ್ಟು ಅಂತ ಪಟ್ಟಿಯಲ್ಲಿ ಬರೆಯುತ್ತಾನೆ, ಆಮೇಲೆ ಹೊಡೆಯುತ್ತಾನೆ, ಆಮೇಲೆ ತೂತು ಅಳೆದು ನಿಜವಾದ ಗಾಳಿ ಎಷ್ಟಿತ್ತು ಅಂತ ನಮ್ಮ ಸೂತ್ರದಿಂದ ವಾಪಸ್ ಲೆಕ್ಕ ಹಾಕುತ್ತಾನೆ. ಕಳೆದ ಭಾನುವಾರದ ಪುಟ ನಮಗೆ ತೋರಿಸಿದ. ಮೊದಲ ಹತ್ತು ಗುಂಡಿನಲ್ಲಿ ಅಂದಾಜಿನ ತಪ್ಪು ಸರಾಸರಿ ಸೆಕೆಂಡಿಗೆ ಒಂದೂವರೆ ಮೀಟರ್. ಕೊನೆಯ ಹತ್ತರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದ: "25ರ ಅರಿವಿ ಬಿದ್ದಾಗ 40ರದ್ದು ಇನ್ನಾ ಹಾರತಿತ್ತು. ನೋಡ್ಲಿಲ್ಲ. ಎಂಟು."